ಪತ್ರಿಕೆ ಹೇಳಿದ್ದು ಸುಳ್ಳು, ಆದರೆ ಆ ಹುಡುಗನ ಆಸೆಯೂ ಸುಳ್ಳೇ?

ನೀರ್ಚಾಲು ಓದುಗ (ಚರ್ಚೆ ಆರಂಭಿಸಿದವರು)

ಜೂನ್ 19ರ ವಾಚನಾ ದಿನದ ಅಂಗವಾಗಿ ನಮ್ಮೂರಿನ ಗ್ರಂಥಾಲಯದಲ್ಲಿ ಪ್ರೌಢಶಾಲೆಯ ಮಕ್ಕಳೊಂದಿಗೆ ಒಂದು ಮಾತುಕತೆ ಇರಿಸಿಕೊಂಡಿದ್ದೆವು. ಹಿಡಿದ ಮಳೆ ಬಿಟ್ಟಿರಲಿಲ್ಲ, ಕರೆಂಟು ಇರಲಿಲ್ಲ, ಬಂದವರು 11 ಮಕ್ಕಳು. ಸುದ್ದಿ ಮಾಧ್ಯಮದ ಅಪಪ್ರಚಾರವನ್ನು ಕಾದಂಬರಿಗಳು ಹೇಗೆ ತೋರಿಸಿವೆ ಎಂಬ ವಿಷಯವನ್ನು ನಾನೇ ಆರಿಸಿದ್ದೆ. ಮಕ್ಕಳಿಗೆ ಗೊತ್ತಿರುವ ಉದಾಹರಣೆ ಇರಲಿ ಎಂದು ಹ್ಯಾರಿ ಪಾಟರ್ ಸರಣಿಯಲ್ಲಿ 2003ರಲ್ಲಿ ಬಂದ ಐದನೆಯ ಪುಸ್ತಕವನ್ನು ಹಿಡಿದುಕೊಂಡೆ. ದುಷ್ಟ ಮಾಂತ್ರಿಕ ಮರಳಿ ಬಂದಿದ್ದಾನೆ ಎಂದು ಕಥಾನಾಯಕ ಹುಡುಗ ಹ್ಯಾರಿ ಹೇಳುತ್ತಾನೆ, ಮಂತ್ರಿಗೆ ಆ ಸುದ್ದಿ ಬೇಡ, ಆದ್ದರಿಂದ ‘ಡೈಲಿ ಪ್ರಾಫೆಟ್’ ಎಂಬ ಪತ್ರಿಕೆ ಅವನನ್ನು ಜನರ ಗಮನ ಸೆಳೆಯಲು ಸುಳ್ಳು ಹೇಳುವವನೆಂದು ತಿಂಗಳುಗಟ್ಟಲೆ ಗೇಲಿ ಮಾಡುತ್ತದೆ. ಇಷ್ಟು ವಿವರಿಸಿ, ಅಪಪ್ರಚಾರ ಎಂದರೆ ಇದೇ ನೋಡಿ ಮಕ್ಕಳೇ ಎಂದು ಮುಗಿಸುವವನಿದ್ದೆ.

ಅಷ್ಟರಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಪತ್ರಿಕೆ ಬರೆದದ್ದು ಸುಳ್ಳೆಂದು ಒಪ್ಪಿದೆ ಸರ್. ಆದರೆ ಹತ್ತು ವರ್ಷ ಮೆಟ್ಟಿಲಡಿಯ ಗೂಡಿನಲ್ಲಿ ಮಲಗಿದವನಿಗೆ ಯಾರಾದರೂ ತನ್ನನ್ನು ನೋಡಲಿ ಎಂಬ ಆಸೆ ಇರಲಿಲ್ಲವೇ? ಇದ್ದರೆ ಅದು ತಪ್ಪೇ?”

ನನಗೆ ಉತ್ತರ ಹೊಳೆಯಲಿಲ್ಲ. ಮುಂದಿನ ಶನಿವಾರ ಮಾತನಾಡೋಣ ಎಂದು ಜಾರಿಕೊಂಡೆ. ಮೂವತ್ತು ವರ್ಷ ಪಾಠ ಮಾಡಿದವನು ಜಾರಿಕೊಂಡದ್ದು ಆ ಮಗುವಿಗೆ ಖಂಡಿತ ತಿಳಿದಿದೆ. ತಿಳಿದವರು ಏನಾದರೂ ಹೇಳಿ.

ಕುಂಬಳೆ ಲೋಕಲ್

ಇದು ಸುಲಭದ ಪ್ರಶ್ನೆ ಮಾಷ್ಟ್ರೇ. ಅವನಿಗೆ ಅಂಥ ಆಸೆ ಇರಲೇ ಇಲ್ಲ. ಹುಡುಗಿ ಆ ಪತ್ರಿಕೆಯ ಬಲೆಗೇ ಬಿದ್ದಿದ್ದಾಳೆ.

ಎಣ್ಮಕಜೆ ಟೀಚರ್

ಲೋಕಲ್ ಅವರೇ, ಅಷ್ಟು ಸುಲಭವಾಗಿದ್ದರೆ ಮಾಷ್ಟ್ರು ಇಲ್ಲಿಗೆ ಬಂದು ಕೇಳುತ್ತಿರಲಿಲ್ಲ. 1997ರ ಮೊದಲ ಪುಸ್ತಕದ ಕನ್ನಡಿಯ ಪ್ರಸಂಗವನ್ನು ನೆನಪಿಸಿಕೊಳ್ಳಿ. ನೋಡುವವನ ಮನಸ್ಸಿನ ಆಳದ ಬಯಕೆಯನ್ನು ತೋರಿಸುವ ಕನ್ನಡಿ ಅದು. ಅದರಲ್ಲಿ ಹ್ಯಾರಿಗೆ ಕಂಡದ್ದು ಕಿರೀಟವೂ ಅಲ್ಲ, ಚಪ್ಪಾಳೆ ತಟ್ಟುವ ಜನವೂ ಅಲ್ಲ. ಸತ್ತುಹೋದ ಅಪ್ಪ ಅಮ್ಮ ಅವನ ಹಿಂದೆ ನಿಂತು ಅವನನ್ನೇ ನೋಡುತ್ತಿದ್ದರು, ಅಷ್ಟೇ. ಅದನ್ನು ಮತ್ತೆ ನೋಡಲು ಹುಡುಗ ರಾತ್ರಿಯ ನಿದ್ದೆ ಬಿಟ್ಟು ಹೋಗುತ್ತಾನೆ. ಅದೇ ಹುಡುಗನನ್ನು ಪೇಟೆಯ ಹೋಟೆಲಿನಲ್ಲಿ ಗುರುತು ಹಿಡಿದು ಜನ ಕೈ ಕುಲುಕಲು ಮುಗಿಬಿದ್ದಾಗ ಅವನು ಮುದುಡಿಹೋಗುತ್ತಾನೆ. ಆಸೆ ಇರಲಿಲ್ಲ ಎಂಬ ಮಾತು ಹೇಗೆ ಒಪ್ಪುವುದು? ಆಸೆ ಇತ್ತು, ಆದರೆ ಅವನು ಬಯಸಿದ ಕಣ್ಣುಗಳೇ ಬೇರೆ.

ಐದನೆಯ ಪುಸ್ತಕದಲ್ಲಂತೂ ಇದು ವಿಪರೀತಕ್ಕೆ ಹೋಗುತ್ತದೆ. ಊರೆಲ್ಲ ಅವನನ್ನು ದುರುಗುಟ್ಟಿ ನೋಡುತ್ತಿರುವ ಆ ಇಡೀ ವರ್ಷ ಅವನು ನಂಬಿದ ಹಿರಿಯರಾದ ಡಂಬಲ್‌ಡೋರ್ ಅವನ ಮುಖಕ್ಕೆ ಮುಖ ಕೊಡುವುದಿಲ್ಲ. ಅವರಿಗೆ ಅವರದೇ ಕಾರಣವಿತ್ತೆಂದು ಕೊನೆಗೆ ತಿಳಿಯುತ್ತದೆ, ಆದರೆ ಮಗುವಿಗೆ ಕಾರಣ ಹೇಳದೆ ಕಣ್ಣು ತಪ್ಪಿಸಿದರೆ ಏನಾಗುತ್ತದೆ ಎಂಬುದನ್ನು ತರಗತಿಯಲ್ಲಿ ನಿಲ್ಲುವ ಯಾರೂ ಬಲ್ಲರು.

ಉಪ್ಪಳ ಡೆಸ್ಕ್

ಹಲವು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ರಾತ್ರಿ ಪಾಳಿ ಮಾಡಿದವನಾದ್ದರಿಂದ ತಂತ್ರದ ಬಗ್ಗೆ ಎರಡು ಮಾತು ಹೇಳುತ್ತೇನೆ. ‘ಪ್ರಾಫೆಟ್’ ಆ ಹುಡುಗನ ಮೇಲೆ ದೊಡ್ಡ ತಲೆಬರಹದ ಆರೋಪವನ್ನೇನೂ ಮಾಡುವುದಿಲ್ಲ. ಸಂಬಂಧವೇ ಇಲ್ಲದ ಸುದ್ದಿಗಳ ನಡುವೆ ಅವನ ಹೆಸರನ್ನು ನಗೆಮಾತಿನಂತೆ ತೂರಿಸುತ್ತದೆ: ಯಾರಾದರೂ ನಂಬಲಾಗದ ಕಥೆ ಹೇಳಿದರೆ ಇದು ಪಾಟರ್‌ಗೆ ತಕ್ಕ ಕಥೆ ಎನ್ನುವುದು, ಯಾರಿಗಾದರೂ ಹಣೆಗೆ ಪೆಟ್ಟಾದರೆ ಅವನ ಗಾಯದ ಗುರುತನ್ನು ನೆನೆದು ಕುಹಕವಾಡುವುದು. ದಿನಾ ಪತ್ರಿಕೆ ಓದುವ ಗೆಳತಿ ಹರ್ಮಯೋನಿ ಇದನ್ನು ಬಿಡಿಸಿ ಹೇಳುವವರೆಗೆ, ಮುಖಪುಟ ಮಾತ್ರ ನೋಡಿ ಎಸೆಯುತ್ತಿದ್ದ ಹ್ಯಾರಿಗೆ ತಾನು ಗೇಲಿಗೆ ಗುರಿಯಾದದ್ದೇ ಗೊತ್ತಿರುವುದಿಲ್ಲ.

ಆರೋಪ ಮಾಡಿದರೆ ಉತ್ತರ ಕೊಡಬಹುದು, ನ್ಯಾಯಾಲಯಕ್ಕೆ ಹೋಗಬಹುದು. ‘ಇವನಿಗೆ ಗಮನ ಸೆಳೆಯುವ ಚಪಲ’ ಎಂದವರಿಗೆ ಏನು ಉತ್ತರ ಕೊಡುತ್ತೀರಿ? ಅಲ್ಲ ಎಂದು ಕೂಗಿದರೆ ‘ನೋಡಿ, ಮತ್ತೆ ಶುರು ಮಾಡಿದ’ ಎನ್ನುತ್ತಾರೆ, ಸುಮ್ಮನಿದ್ದರೆ ಒಪ್ಪಿಕೊಂಡ ಎನ್ನುತ್ತಾರೆ. ರೀಟಾ ಸ್ಕೀಟರ್ ಎಂಬ ಆ ವರದಿಗಾರ್ತಿ ಬಹಳ ಲೆಕ್ಕಾಚಾರದಿಂದ ಆರಿಸಿದ ಪದ ಇದು.

ಶೇಣಿ ಕಡೆಯವಳು

ಡೆಸ್ಕ್ ಅಣ್ಣನವರೇ, ಒಂದು ತಿದ್ದುಪಡಿ. ಐದನೆಯ ಪುಸ್ತಕದ ಗೇಲಿಯನ್ನು ಬರೆದವಳು ರೀಟಾ ಅಲ್ಲ. 2000ದಲ್ಲಿ ಬಂದ ನಾಲ್ಕನೆಯ ಪುಸ್ತಕದ ಕೊನೆಯಲ್ಲಿ, ಅವಳು ಜೀರುಂಡೆಯ ರೂಪ ತಾಳಿ ಕದ್ದು ಕೇಳುತ್ತಿದ್ದುದನ್ನು ಹರ್ಮಯೋನಿ ಪತ್ತೆಹಚ್ಚಿ, ಗಾಜಿನ ಜಾಡಿಯಲ್ಲಿ ಹಾಕಿ, ಒಂದು ವರ್ಷ ಬರೆಯಕೂಡದೆಂದು ಬಾಯಿ ಕಟ್ಟಿಸಿರುತ್ತಾಳೆ. ಆಮೇಲಿನದ್ದೆಲ್ಲ ಪತ್ರಿಕೆ ತಾನಾಗಿ, ಮಂತ್ರಿ ಫಜ್‌ನ ಒತ್ತಡದಲ್ಲಿ ಮಾಡಿದ ಕೆಲಸ.

ಆದರೆ ಪದದ ಬೀಜ ಹಾಕಿದವಳು ಅವಳೇ, ಆ ಮಟ್ಟಿಗೆ ನಿಮ್ಮ ಮಾತು ಸರಿ. ಹುಡುಗನಿಗೆ ಹಣೆಯ ಗಾಯದ ಗುರುತು ನೋಯುತ್ತದೆ ಎಂಬುದನ್ನು ಅವಳು ಸುದ್ದಿ ಮಾಡಿ, ಆಸ್ಪತ್ರೆಯ ತಜ್ಞರೊಬ್ಬರ ಬಾಯಲ್ಲಿ, ಇದು ಗಮನಕ್ಕಾಗಿ ಆಡುವ ನಾಟಕವೂ ಇರಬಹುದು ಎಂದು ಹೇಳಿಸಿರುತ್ತಾಳೆ. ಅದೇ ಪುಸ್ತಕದ ಕೊನೆಗೆ ಹುಡುಗ ಸಾವಿನ ಬಾಯಿಂದ ತಪ್ಪಿಸಿಕೊಂಡು ಬಂದು ನಿಜ ಹೇಳಿದಾಗ, ಮಂತ್ರಿಯ ತಲೆಯಲ್ಲಿ ಆಗಲೇ ಆ ಲೇಖನ ಕೂತಿರುತ್ತದೆ. ಪತ್ರಿಕೆಯಲ್ಲಿ ಒಂದು ದಿನದ ರಂಜನೆಯಾಗಿ ಬಂದ ಮಾತು ಮುಂದಿನ ವರ್ಷ ಸರ್ಕಾರದ ನೀತಿಯಾಗುತ್ತದೆ.

ಇನ್ನೊಂದು ಸೂಕ್ಷ್ಮವನ್ನು ನಾನು ಮೂರನೆಯ ಓದಿನಲ್ಲಿ ಗಮನಿಸಿದ್ದು. ರೀಟಾ ಅವನ ಮೊದಲ ಸಂದರ್ಶನ ಮಾಡುವುದು ಎಲ್ಲಿ ಗೊತ್ತೇ? ಪೊರಕೆಗಳನ್ನಿಡುವ ಇಕ್ಕಟ್ಟಾದ ಗೂಡಿನಲ್ಲಿ. ಹತ್ತು ವರ್ಷ ಗೂಡಿನಲ್ಲಿ ಬೆಳೆದ ಮಗುವನ್ನು ಮತ್ತೆ ಗೂಡಿಗೇ ಎಳೆದುಕೊಂಡು ಹೋಗಿ ಬಾಗಿಲು ಹಾಕಿ, ‘ನಿನ್ನ ಬಗ್ಗೆ ಹೇಳು ಮಗು’ ಎಂದು ಕೇಳುವವರು ಅವನಿಗೆ ಕೊನೆಗೂ ಸಿಕ್ಕಿದರು. ಅವನು ಬಾಯಿ ತೆರೆಯುವ ಮೊದಲೇ ಅವಳ ಹಸಿರು ಲೇಖನಿ ತಾನಾಗಿ ಬರೆಯತೊಡಗುತ್ತದೆ: ಅಪ್ಪ ಅಮ್ಮನನ್ನು ನೆನೆದು ರಾತ್ರಿ ಅಳುತ್ತೇನೆ ಎಂದು ಅವನು ಹೇಳದ ಮಾತೂ ಅಚ್ಚಾಗುತ್ತದೆ. ಐದನೆಯ ಪುಸ್ತಕದಲ್ಲಿ ಇನ್ನೊಂದು ಲೇಖನಿ ಬರುತ್ತದೆ, ಸರ್ಕಾರ ಶಾಲೆಗೆ ಕಳುಹಿಸಿದ ಶಿಕ್ಷಕಿ ಅಂಬ್ರಿಜ್‌ಳ ಶಿಕ್ಷೆಯ ಲೇಖನಿ. ‘ನಾನು ಸುಳ್ಳು ಹೇಳಬಾರದು’ ಎಂದು ಅದರಲ್ಲಿ ಬರೆದಷ್ಟೂ ಅಕ್ಷರಗಳು ಅವನ ಕೈಯ ಚರ್ಮವನ್ನೇ ಕೊರೆಯುತ್ತವೆ, ಶಾಯಿಯಾಗಿ ಇಳಿಯುವುದು ಅವನದೇ ರಕ್ತ. ಒಂದು ಲೇಖನಿ ಅವನು ಆಡದ್ದನ್ನು ಅವನ ಹೆಸರಿನಲ್ಲಿ ಬರೆಯಿತು. ಇನ್ನೊಂದು, ಅವನು ಆಡಿದ್ದು ಸುಳ್ಳೆಂದು ಅವನ ಕೈಯಿಂದಲೇ ಬರೆಯಿಸಿತು.

ಉಪ್ಪಳ ಡೆಸ್ಕ್

ತಿದ್ದುಪಡಿಯನ್ನು ಒಪ್ಪಿಕೊಂಡೆ. ನಮ್ಮ ಕಡೆ ತಿದ್ದುಪಡಿ ಎಂದರೆ ಒಳಪುಟದ ಮೂಲೆಯಲ್ಲಿ ಎರಡು ಸಾಲು, ನಾನು ಇಲ್ಲಿ ಪೂರ್ತಿ ಒಂದು ಸಾಲು ಕೊಟ್ಟಿದ್ದೇನೆ.

ಮುಳ್ಳೇರಿಯದ ಗೇರುಮರ

ನಾನು ಇಲ್ಲಿ ಓದುವವನೇ ಹೊರತು ಬರೆಯುವವನಲ್ಲ. ಮಾಷ್ಟ್ರ ಪ್ರಶ್ನೆ ನೋಡಿ ಸುಮ್ಮನಿರಲಾಗಲಿಲ್ಲ.

ಆಗ ನಾನು ಆರನೆಯ ತರಗತಿ ಮುಗಿಸಿದ್ದೆ. ಅಪ್ಪ ಗಲ್ಫಿನಲ್ಲಿದ್ದರು. ತಮ್ಮನಿಗೆ ಹುಟ್ಟಿನಿಂದಲೇ ಸೌಖ್ಯವಿರಲಿಲ್ಲವಾದ್ದರಿಂದ ಅಮ್ಮ ಅವನನ್ನು ಕಟ್ಟಿಕೊಂಡು ಮಂಗಳೂರಿನ ಆಸ್ಪತ್ರೆಗೆ ಓಡಾಡುವುದರಲ್ಲೇ ಇದ್ದರು, ನನ್ನನ್ನು ಅಜ್ಜಿಯ ಮನೆಯಲ್ಲಿ ಬಿಟ್ಟಿದ್ದರು. ಅಜ್ಜಿ ಕೆಟ್ಟವರೇನಲ್ಲ, ಆದರೆ ಹಟ್ಟಿ, ತೋಟ, ಒಲೆ ಎಂದು ಅವರಿಗೆ ನನ್ನ ಕಡೆ ತಿರುಗಲು ಪುರುಸೊತ್ತಿರಲಿಲ್ಲ. ಒಂದು ಸಂಜೆ ಗೇರುಬೀಜ ಹೆಕ್ಕುತ್ತಿದ್ದಾಗ ಹಳದಿ ಮೈಯ ಏನೋ ಒಂದು ಪೊದೆಯ ಆಚೆಗೆ ಸರಿದುಹೋದಂತೆ ಕಂಡಿತು. ಓಡಿಬಂದು ಚಿರತೆ ಎಂದೆ.

ಕತ್ತಲಾಗುವುದರೊಳಗೆ ಅಂಗಳದಲ್ಲಿ ಟಾರ್ಚು, ದೊಣ್ಣೆ ಹಿಡಿದು ಊರಿನವರು ಸೇರಿದ್ದರು. ಎಷ್ಟು ಉದ್ದ, ಬಾಲ ಎತ್ತಿತ್ತೇ, ನಿನ್ನನ್ನು ನೋಡಿತೇ ಎಂದು ಎಲ್ಲರೂ ನನ್ನನ್ನೇ ಕೇಳುವವರು. ಕೇಳಿದಷ್ಟೂ ಚಿರತೆ ಬೆಳೆಯಿತು. ಮೊದಲ ಸಲ ನಾಯಿಯಷ್ಟು ಎಂದವನು ಮೂರನೆಯ ಸಲ ಹೇಳುವಾಗ ಕರುವಿನಷ್ಟು ಎಂದಿದ್ದೆ. ಅಂದು ರಾತ್ರಿ ಅಜ್ಜಿ ನನ್ನ ಚಾಪೆಯನ್ನು ಚಾವಡಿಯಿಂದ ಒಳಗೆ ತಂದು ತಮ್ಮ ಪಕ್ಕದಲ್ಲಿ ಹಾಸಿ ಮಲಗಿಸಿಕೊಂಡರು. ಹೊಗೆಯ ವಾಸನೆಯ ಅವರ ಸೀರೆಯ ಸೆರಗು ನನ್ನ ಮುಖಕ್ಕೆ ತಾಗುತ್ತಿತ್ತು.

ನಾಲ್ಕನೆಯ ದಿನ ಒಂದು ಸಂಜೆ ಪತ್ರಿಕೆಯಲ್ಲಿ ಚೌಕಟ್ಟು ಕಟ್ಟಿದ ಸುದ್ದಿ ಬಂತು: ಗಮನ ಸೆಳೆಯಲು ಬಾಲಕನ ಕಟ್ಟುಕಥೆ. ಹೆಸರು ಹಾಕಿರಲಿಲ್ಲ, ಆದರೆ ಊರು, ತರಗತಿ, ತಂದೆ ಗಲ್ಫಿನಲ್ಲಿರುವುದು ಎಲ್ಲವೂ ಇತ್ತು. ಬಸ್ಸು ನಿಲ್ಲುವಲ್ಲಿನ ಗೂಡಂಗಡಿಯವರು ಅದನ್ನು ಕತ್ತರಿಸಿ ಸೋಡಾ ಬಾಟಲಿಗಳ ಮೇಲಿನ ಹಲಗೆಗೆ ಅಂಟಿಸಿದರು. ಜೂನಿನಲ್ಲಿ ಶಾಲೆ ತೆರೆಯುವಾಗ ನನ್ನ ಹೆಸರು ಚಿರತೆ ಎಂದಾಗಿತ್ತು. ಈಗಲೂ ಊರಿನ ಮದುವೆಗಳಲ್ಲಿ ಹಾಗೆ ಕರೆಯುವ ಹಿರಿಯರಿದ್ದಾರೆ.

ಆ ಪತ್ರಿಕೆಯವರು ಬರೆದದ್ದು ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಅದೇ ನನ್ನ ಕಷ್ಟ.

ಕುಂಬಳೆ ಲೋಕಲ್

ಹಾಗಾದರೆ ಚಿರತೆ ಇತ್ತೋ ಇಲ್ಲವೋ?

ಮುಳ್ಳೇರಿಯದ ಗೇರುಮರ

ಇವತ್ತಿಗೂ ಗೊತ್ತಿಲ್ಲ. ಕಾಡುಬೆಕ್ಕು ಇದ್ದಿರಬಹುದು. ಏನೋ ಇದ್ದದ್ದು ಹೌದು.

ತಾಳಮದ್ದಳೆ ಹುಚ್ಚ

ಇಂಗ್ಲಿಷ್ ಪುಸ್ತಕದಲ್ಲಿ ಹುಡುಕುವ ಮೊದಲು ನಮ್ಮ ಅಂಗಳದಲ್ಲೇ ನೋಡಬಾರದೇ? ಭಾಗವತದ ನಾಲ್ಕನೆಯ ಸ್ಕಂಧದ ಧ್ರುವನಿಗೆ ಐದು ವರ್ಷ. ಅಪ್ಪನ ತೊಡೆಯ ಮೇಲೆ ಮಲತಾಯಿಯ ಮಗ ಉತ್ತಮ ಕುಳಿತಿದ್ದಾನೆ, ತಾನೂ ಹತ್ತಲು ಹೋದರೆ ಮಲತಾಯಿ ಸುರುಚಿ, ಇಲ್ಲಿ ಕೂರಬೇಕಾದರೆ ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಬೇಕಿತ್ತು ಎನ್ನುತ್ತಾಳೆ. ಸುರುಚಿಯ ಬಾಯನ್ನು ಎಲ್ಲರೂ ಬಯ್ಯುತ್ತಾರೆ. ನನಗೆ ಯಾವಾಗಲೂ ಚುಚ್ಚುವುದು ಉತ್ತಾನಪಾದನ ಮೌನ. ಅರಸ ಅಲ್ಲಿಯೇ ಕುಳಿತಿದ್ದಾನೆ, ಕೇಳಿಸಿಕೊಂಡಿದ್ದಾನೆ, ಮಗುವಿನ ಕಡೆ ಒಂದು ಮಾತು ಆಡುವುದಿಲ್ಲ. ತೊಡೆ ಸಿಗದ ಮಗು ಕಾಡಿಗೆ ಹೋಗಿ ಲೋಕವೇ ತಲೆಯೆತ್ತಿ ನೋಡುವ ಪದವಿಯನ್ನು ತರುತ್ತದೆ. ನಕ್ಷತ್ರವಾದವನನ್ನು ನಾವು ಕೊಂಡಾಡುತ್ತೇವೆ, ಅವನು ಕೇಳಿದ್ದು ತೊಡೆಯನ್ನು ಎಂಬುದನ್ನು ಮರೆಯುತ್ತೇವೆ.

ಕರ್ಣನದ್ದು ಇನ್ನೂ ಹತ್ತಿರದ ಉದಾಹರಣೆ. ತುಂಬಿದ ರಂಗಸ್ಥಳದಲ್ಲಿ ಅವನು ಬಿಲ್ಲು ಹಿಡಿದು ನಿಂತಾಗ ಕೃಪಾಚಾರ್ಯರು ಕುಲ ಕೇಳುತ್ತಾರೆ, ಭೀಮ ಗೇಲಿ ಮಾಡುತ್ತಾನೆ. ಸೂತಪುತ್ರ ಎಂಬ ಒಂದೇ ಪದ ಅವನ ವಿದ್ಯೆಯನ್ನೆಲ್ಲ ಮುಚ್ಚಿಬಿಡುತ್ತದೆ. ಪತ್ರಿಕೆ ಇಲ್ಲದ ಕಾಲದ ತಲೆಬರಹ ಅದು. ಆ ಹೊತ್ತಿಗೆ ಎದ್ದು ಬಂದು ಅಂಗರಾಜ್ಯ ಕೊಟ್ಟವನು ದುರ್ಯೋಧನ. ಆಮೇಲೆ ಆ ಹುಡುಗ ಯಾರ ಪಕ್ಷ ಹಿಡಿಯಬೇಕೆಂದು ನೀವು ನಿರೀಕ್ಷಿಸುತ್ತೀರಿ? ನಾನು ಕರ್ಣನ ಅರ್ಥ ಹೇಳುವಾಗಲೆಲ್ಲ ಕೃಷ್ಣನ ಅರ್ಥಧಾರಿಯನ್ನು ಈ ಒಂದು ಪ್ರಶ್ನೆಯಿಂದ ಕಟ್ಟಿಹಾಕುತ್ತೇನೆ. ಒಬ್ಬರು ಮಾತ್ರ ಒಮ್ಮೆ ತಪ್ಪಿಸಿಕೊಂಡಿದ್ದರು, ಆ ಕಥೆ ಇನ್ನೊಮ್ಮೆ.

ಚಂದ್ರಗಿರಿ ತೆಂಕಣದವ

ಹುಚ್ಚರೇ, ನಿಮ್ಮ ಅರ್ಥಗಾರಿಕೆ ಚೆನ್ನಾಗಿದೆ, ಆದರೆ ತರ್ಕ ಸಡಿಲ. ಗೇಲಿ ಬೇರೆ, ಅಪಪ್ರಚಾರ ಬೇರೆ. ಅಪಪ್ರಚಾರದ ಹಿಂದೆ ಅದರಿಂದ ಲಾಭ ಪಡೆಯುವ ಅಧಿಕಾರವಿರಬೇಕು. ಭೀಮನಿಗೆ ಅಂಥ ಯೋಜನೆ ಏನಿತ್ತು?

ಇನ್ನು ನನ್ನನ್ನು ಕೇಳಿದರೆ, ಇದೆಲ್ಲ ನಮ್ಮದೇ ಕಥೆ. 1956ರ ನವೆಂಬರ್ 1ರಂದು ಆಚೆಗೆ, ಕೇರಳಕ್ಕೆ ಹಾಕಲ್ಪಟ್ಟ ಕಾಸರಗೋಡಿನ ಕನ್ನಡಿಗರು ಯಾರೂ ತೊಡೆಗೆ ಹತ್ತಿಸಿಕೊಳ್ಳದ ಧ್ರುವನೇ ಅಲ್ಲವೇ? 1967ರಲ್ಲಿ ಮಹಾಜನ ವರದಿ ನಮ್ಮ ಹೊಳೆಯ ಬಡಗಣ ದಂಡೆಯನ್ನು ಕರ್ನಾಟಕಕ್ಕೆ ಸೇರಿಸಬೇಕೆಂದಿತು, ಅಪ್ಪ ಸುಮ್ಮನೆ ಕುಳಿತರು.

ಶೇಣಿ ಕಡೆಯವಳು

ತೆಂಕಣದವರೇ, ನೀವು ಯಾವ ಚರ್ಚೆಯನ್ನೂ ಮೂರು ಹೆಜ್ಜೆಯಲ್ಲಿ ಗಡಿಗೆ ತಲುಪಿಸುತ್ತೀರಿ. ಹೋದ ತಿಂಗಳು ಹಲಸಿನ ಹಪ್ಪಳದ ಚರ್ಚೆಯೂ ಮಹಾಜನ ವರದಿಯಲ್ಲೇ ಮುಗಿಯಿತು. ನೋವು ನಿಜ, ಆದರೆ ಒಂದು ಜನಸಮುದಾಯವನ್ನು ಮಗುವಿಗೆ ಹೋಲಿಸಿದ ತಕ್ಷಣ ನಿಜವಾದ ಮಗು ಮತ್ತೆ ಮರೆಯಾಗುತ್ತದೆ. ಹುಡುಗಿ ಕೇಳಿದ್ದು ಒಂದು ಮಗುವಿನ ಬಗ್ಗೆ.

ಚಂದ್ರಗಿರಿ ತೆಂಕಣದವ

ಸರಿ ತಂಗಿ, ಹಿಂದೆ ಸರಿದೆ. ಹಪ್ಪಳದ ವಿಷಯದಲ್ಲಿ ಮಾತ್ರ ನಾನು ಹೇಳಿದ್ದೇ ಸರಿ.

ಎಣ್ಮಕಜೆ ಟೀಚರ್

ಗೇರುಮರ ಅವರ ಕಥೆ ಓದಿ ಎರಡು ದಿನ ಸುಮ್ಮನಿದ್ದೆ. ಶಿಕ್ಷಕರ ಕೊಠಡಿಯಲ್ಲಿ ನಾವೂ ಈ ಪದವನ್ನು ಎಷ್ಟು ಸುಲಭವಾಗಿ ಬಳಸುತ್ತೇವೆ! ‘ಅವನದ್ದು ಬರೇ ಗಮನ ಸೆಳೆಯುವ ಕಸರತ್ತು, ಲಕ್ಷ್ಯ ಕೊಡಬೇಡಿ’ ಎನ್ನುತ್ತೇವೆ. ಆ ವಾಕ್ಯವನ್ನು ನಿಧಾನವಾಗಿ ಓದಿ ನೋಡಿ. ಹಸಿದಿದ್ದಾನೆ, ಆದ್ದರಿಂದ ಅನ್ನ ಹಾಕಬೇಡಿ ಎಂದ ಹಾಗಾಯಿತು.

ಡೊನಾಲ್ಡ್ ವಿನಿಕಾಟ್ ಎಂಬ ಇಂಗ್ಲೆಂಡಿನ ಮಕ್ಕಳ ವೈದ್ಯ ಮತ್ತು ಮನೋವಿಶ್ಲೇಷಕರು 1956ರ ಪ್ರಬಂಧವೊಂದರಲ್ಲಿ, ಕದಿಯುವ ಮಗು ಹುಡುಕುವುದು ಆ ವಸ್ತುವನ್ನಲ್ಲ, ತನಗೆ ಹಕ್ಕಿದ್ದ ತಾಯಿಯನ್ನು ಎಂದು ವಾದಿಸಿದರು. ಮಗು ಹಾಗೆ ತೊಂದರೆ ಕೊಡುತ್ತಿದೆ ಎಂದರೆ ಅದಕ್ಕೆ ಇನ್ನೂ ಭರವಸೆ ಇದೆ ಎಂದರ್ಥ ಎಂಬುದು ಅವರ ನಿಲುವು. ಇದನ್ನು ಓದಿದಾಗ ನನಗೆ ಮಾರ್ಕಸ್ ಜೂಸಕ್ ಅವರು 2005ರಲ್ಲಿ ಬರೆದ ‘ದಿ ಬುಕ್ ಥೀಫ್’ ನೆನಪಾಯಿತು. ಅದರ ಲೀಸೆಲ್ ನಾಜಿ ಜರ್ಮನಿಯ ಹುಡುಗಿ. ತಮ್ಮ ರೈಲಿನಲ್ಲೇ ಸಾಯುತ್ತಾನೆ, ತಾಯಿ ಅವಳನ್ನು ಸಾಕುವವರ ಮನೆಯಲ್ಲಿ ಬಿಟ್ಟು ಹೋಗುತ್ತಾಳೆ, ಅವಳು ಪುಸ್ತಕ ಕದಿಯುತ್ತಾಳೆ. ಮೊದಲ ಪುಸ್ತಕ ತಮ್ಮನನ್ನು ಹೂಳುವಾಗ ಸಿಕ್ಕಿದ್ದು, ಆಗ ಅವಳಿಗೆ ಓದಲೂ ಬಾರದು. ರಾತ್ರಿ ಕೆಟ್ಟ ಕನಸು ಬಿದ್ದು ಚೀರಿ ಏಳುವ ಅವಳ ಬಳಿ ಸಾಕುತಂದೆ ಹಾನ್ಸ್ ಬಂದು ಕೂರುತ್ತಾನೆ, ಆ ಕದ್ದ ಪುಸ್ತಕದಿಂದಲೇ ಅಕ್ಷರ ಕಲಿಸುತ್ತಾನೆ. ಏಕೆ ಕದ್ದೆ ಎಂದು ಗದರಿಸಿದ್ದರೆ ಕಾದಂಬರಿ ಅಲ್ಲಿಗೇ ಮುಗಿಯುತ್ತಿತ್ತು.

ಪ್ರಚಾರಯಂತ್ರಕ್ಕೆ ಆ ಕಾದಂಬರಿ ಕೊಡುವ ಉತ್ತರವೂ ನನಗೆ ಬಹಳ ಇಷ್ಟ. ಆ ಮನೆಯ ನೆಲಮಾಳಿಗೆಯಲ್ಲಿ ಅಡಗಿರುವ ಮ್ಯಾಕ್ಸ್ ಎಂಬ ಯಹೂದಿ ಯುವಕ ಹಿಟ್ಲರನ ‘ಮೈನ್ ಕಾಂಫ್’ ಪುಸ್ತಕದ ಹಾಳೆಗಳನ್ನು ಬಿಡಿಸಿ, ಬಿಳಿ ಬಣ್ಣ ಬಳಿದು, ದಾರಕ್ಕೆ ನೇತುಹಾಕಿ ಒಣಗಿಸಿ, ಅವುಗಳ ಮೇಲೆ ಲೀಸೆಲ್‌ಳಿಗಾಗಿ ಚಿತ್ರಕಥೆಯೊಂದನ್ನು ಬರೆದು ಕೊಡುತ್ತಾನೆ. ಲಕ್ಷಾಂತರ ಜನರಿಗಾಗಿ ಅಚ್ಚಾದ ಹಾಳೆಯ ಮೇಲೆ ಒಂದೇ ಒಂದು ಮಗುವಿಗಾಗಿ ಬರೆದ ಕಥೆ.

ಉಪ್ಪಳ ಡೆಸ್ಕ್

ಟೀಚರ್, ಇದರ ಮಗ್ಗುಲನ್ನೂ ನೋಡಬೇಕು. ತಾಳಮದ್ದಳೆಯವರು ದುರ್ಯೋಧನನ ಬಗ್ಗೆ ಹೇಳಿದ್ದು ಈ ಚರ್ಚೆಯ ಮುಖ್ಯ ಎಳೆ ಎಂದು ನನಗನ್ನಿಸುತ್ತದೆ. ಮನೆಯಲ್ಲಿ ಯಾರೂ ನೋಡದ ಮಗುವನ್ನು ಪ್ರಚಾರಯಂತ್ರ ಗೇಲಿಯನ್ನಷ್ಟೇ ಮಾಡುವುದಿಲ್ಲ, ಎತ್ತಿಕೊಳ್ಳುವುದೂ ಉಂಟು. ಆರ್ವೆಲ್ ಅವರ 1949ರ ‘1984’ ಕಾದಂಬರಿಯಲ್ಲಿ ಪಾರ್ಸನ್ಸ್ ಎಂಬವನ ಏಳು ವರ್ಷದ ಮಗಳು, ನಿದ್ದೆಯಲ್ಲಿ ಪಕ್ಷದ ವಿರುದ್ಧ ಬಡಬಡಿಸಿದನೆಂದು ತಂದೆಯನ್ನೇ ಹಿಡಿದುಕೊಡುತ್ತಾಳೆ. ಸಮವಸ್ತ್ರ, ಮೆರವಣಿಗೆ, ಬೇಹುಗಾರಿಕೆಯ ಆಟ, ನಿನ್ನಂಥ ಮಗು ಇಲ್ಲ ಎಂಬ ಹೊಗಳಿಕೆ ಎಲ್ಲವನ್ನೂ ಅವಳಿಗೆ ಕೊಟ್ಟದ್ದು ಪ್ರಭುತ್ವ. ಸೆರೆಮನೆಯಲ್ಲಿ ಕುಳಿತ ಆ ಅಪ್ಪ ಮಗಳ ಬಗ್ಗೆ ಹೆಮ್ಮೆಪಡುತ್ತಾನೆ, ಓದುವಾಗ ನಗು ಬಂದು ಆಮೇಲೆ ಹೊಟ್ಟೆ ತೊಳಸುವ ಭಾಗ ಅದು. ಪಾಟರ್ ಕಥೆಯಲ್ಲೂ ಅನಾಥಾಲಯದಲ್ಲಿ ಬೆಳೆದ ಟಾಮ್ ರಿಡಲ್ ಇದ್ದಾನಲ್ಲ, ಹ್ಯಾರಿಯ ಹಾಗೆಯೇ ತಾಯಿತಂದೆ ಇಲ್ಲದೆ ಬೆಳೆದವನು. ಅವನೇ ಆ ದುಷ್ಟ ಮಾಂತ್ರಿಕನಾಗಿ ಬೆಳೆದದ್ದು.

ಇನ್ನು ‘ಪ್ರಾಫೆಟ್’ನ ಕೊನೆಯ ಆಟವನ್ನು ಹೇಳದಿದ್ದರೆ ನನ್ನ ವೃತ್ತಿಗೆ ದ್ರೋಹವಾದೀತು. ಹುಡುಗನ ನಿಜವಾದ ಸಂದರ್ಶನ ಅಚ್ಚಾಗುವುದು ಯಾರೂ ಗಂಭೀರವಾಗಿ ತೆಗೆದುಕೊಳ್ಳದ ‘ಕ್ವಿಬ್ಲರ್’ ಎಂಬ ವಿಚಿತ್ರ ಪತ್ರಿಕೆಯಲ್ಲಿ. ಅಂಬ್ರಿಜ್ ಅದನ್ನು ಶಾಲೆಯಲ್ಲಿ ನಿಷೇಧಿಸಿದ ದಿನವೇ ಶಾಲೆಯ ಮಕ್ಕಳೆಲ್ಲ ಅದನ್ನು ಓದಿ ಮುಗಿಸುತ್ತಾರೆ. ದುಷ್ಟ ಮಾಂತ್ರಿಕನನ್ನು ಮಂತ್ರಿ ಕಣ್ಣಾರೆ ಕಂಡ ಮೇಲೆ ‘ಪ್ರಾಫೆಟ್’ ಅದೇ ಸಂದರ್ಶನವನ್ನು ದುಡ್ಡು ಕೊಟ್ಟು ಕೊಂಡು ಪ್ರಕಟಿಸಿ, ಗೇಲಿಗೆ ಜಗ್ಗದ ಏಕಾಂಗಿ ಸತ್ಯವಂತನೆಂದು ಹುಡುಗನನ್ನು ಹೊಗಳುತ್ತದೆ. ಗೇಲಿ ಮಾಡಿದ್ದು ಯಾರು ಎಂಬುದನ್ನು ಮಾತ್ರ ಬರೆಯುವುದಿಲ್ಲ. ಒಳಪುಟದ ಮೂಲೆಯಲ್ಲಿ ಎರಡು ಸಾಲೂ ಇಲ್ಲ.

ಕುಂಬಳೆ ಲೋಕಲ್

ನಾನು ಮೊದಲು ಹೇಳಿದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ಹುಡುಗಿ ಬಲೆಗೆ ಬಿದ್ದಿಲ್ಲ, ಬಲೆ ಯಾವ ದಾರದಿಂದ ಹೆಣೆದದ್ದು ಎಂದು ನೋಡಿದ್ದಾಳೆ. ಹುಡುಗನ ಹಸಿವು ನಿಜ, ಪತ್ರಿಕೆ ಅದಕ್ಕೆ ಹುಚ್ಚು ಎಂದು ಹೆಸರಿಟ್ಟಿತು. ಹೀಗೆ ಹೇಳಿದರೆ ಸರಿಯಾಗುತ್ತದೆಯೇ ಮಾಷ್ಟ್ರೇ?

ತಾಳಮದ್ದಳೆ ಹುಚ್ಚ

ಲೋಕಲ್ ಸೋತು ಒಪ್ಪಿಕೊಂಡದ್ದನ್ನು ಇದೇ ಮೊದಲು ನೋಡುತ್ತಿರುವುದು. ಭಾಗವತರೇ, ಮಂಗಳ ಹಾಡಿ.

ನೀರ್ಚಾಲು ಓದುಗ

ಮಂಗಳಕ್ಕೆ ಸ್ವಲ್ಪ ತಡೆಯಿರಿ. ನಿನ್ನೆ ಶನಿವಾರ, 9 ಮಕ್ಕಳು ಬಂದಿದ್ದರು. ಲೋಕಲ್ ಅವರ ಕೊನೆಯ ಮಾತನ್ನು ನಾನು ಹೆಚ್ಚುಕಡಿಮೆ ಹಾಗೆಯೇ ಹೇಳಿದೆ, ಕನ್ನಡಿಯ ಪ್ರಸಂಗವನ್ನೂ ಗೂಡಿನ ಸಂದರ್ಶನವನ್ನೂ ಓದಿ ತೋರಿಸಿದೆ. ಗೇರುಮರ ಅವರ ಅನುಭವವನ್ನು ಊರಿನ ಹೆಸರು ಬಿಟ್ಟು ಹೇಳಿದೆ, ತಪ್ಪಾಗಿದ್ದರೆ ಕ್ಷಮಿಸಬೇಕು.

ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡಳು. ಹ್ಯಾರಿಯ ಬಗ್ಗೆ ಮತ್ತೇನೂ ಕೇಳಲಿಲ್ಲ. ಹೊರಡುವಾಗ ಕೊಡೆ ಬಿಡಿಸುತ್ತ, “ಪತ್ರಿಕೆ ಬಂದ ದಿನ ರಾತ್ರಿ ಆ ಅಜ್ಜಿ ಅವರ ಚಾಪೆಯನ್ನು ಪುನಃ ಹೊರಗೆ ಹಾಕಿದರೋ ಎಂದು ಕೇಳಿ ಸರ್” ಎಂದಳು.

ಮುಳ್ಳೇರಿಯದ ಗೇರುಮರ

ತಪ್ಪೇನೂ ಇಲ್ಲ ಮಾಷ್ಟ್ರೇ.

ಇಲ್ಲ, ಹಾಕಲಿಲ್ಲ. ಅಜ್ಜಿಗೆ ಓದಲು ಬರುತ್ತಿರಲಿಲ್ಲ, ಆದರೆ ಪಕ್ಕದ ಮನೆಯವರು ಬಂದು ಓದಿ ಹೇಳಿದ್ದರು. ನಾನು ಹೆದರಿ ನಾನಾಗಿಯೇ ಚಾಪೆ ಸುತ್ತಿಕೊಂಡು ಚಾವಡಿಗೆ ಹೊರಟಿದ್ದೆ. ‘ಎಲ್ಲಿಗೆ? ಹೊರಗೆ ಚಿರತೆ ಇದೆ’ ಎಂದರು.